ಪೊವೇಯ ಸಂಪಿಗೆಯ ಮೊದಲ ಹೂ

ಲಾಕ್‌ಡೌನಿನ ವರ್ಷ ಸ್ಯಾನ್ ಡಿಯಾಗೋದ ನಾವು ಹತ್ತಾರು ಕನ್ನಡದ ಹೆಂಗಸರು ಸೇರಿ ಕೈತೋಟಕ್ಕೆಂದೇ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೆವು. ಯಾರ ಮನೆಯ ಮಲ್ಲಿಗೆ ಮೊದಲು ಮೊಗ್ಗಾಯಿತು, ಯಾರ ಕರಿಬೇವು ಚಳಿಗಾಲ ಕಳೆದು ಚಿಗುರಿತು ಎಂದು ಫೋಟೋ ಹಾಕುವುದು, ಉಳಿದವರು ಹೊಗಳುವುದು. ಪ್ರತಿಸಲವೂ ಮೊದಲ ಫೋಟೋ ನನ್ನ ಗೆಳತಿಯದೇ.

ಅವಳ ಗಂಡನೂ ನನ್ನ ಗಂಡನೂ ಒಂದೇ ಆಫೀಸಿನವರು. ನಮ್ಮದು ಮೀರಾ ಮೆಸಾದಲ್ಲಿ ಅಂಗೈಯಗಲದ ಹಿತ್ತಿಲು, ಅರ್ಧ ಸಿಮೆಂಟು. ಅವಳದು ಪೊವೇಯಲ್ಲಿ ಗುಡ್ಡದ ಬುಡದ ಮನೆ, ಹಿಂದೆ ಹತ್ತಿಪ್ಪತ್ತು ಗಿಡಗಳು. ಫೆಬ್ರವರಿಯಲ್ಲಿ ಅವಳ ನಿಂಬೆ ಗಿಡದಲ್ಲಿ ಹಮ್ಮಿಂಗ್‌ಬರ್ಡ್ ಗೂಡು ಕಟ್ಟುತ್ತಿತ್ತು. ನನ್ನ ನಿಂಬೆಗೆ ಇರುವೆ ಹತ್ತುತ್ತಿತ್ತು.

ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ಕಾಫಿ ಹಿಡಿದು ಹೊರಗೆ ನಿಂತಾಗ ಪಕ್ಕದ ಮನೆಯ ತಾಳೆ ಮರದಲ್ಲಿ ಅರಿಶಿನ ಬಣ್ಣದ ಓರಿಯೋಲ್ ಹಕ್ಕಿ ಕಂಡಿತು. ಬೇಸಿಗೆ ಕಳೆಯಲು ದಕ್ಷಿಣದಿಂದ ಬರುವ ಹಕ್ಕಿ ಅದು, ಆ ವರ್ಷ ಯಾರೂ ಇನ್ನೂ ನೋಡಿರಲಿಲ್ಲ. ಒಳಗೆ ಓಡಿ ಫೋನ್ ತೆಗೆದರೆ ಗುಂಪಿನಲ್ಲಿ ಆಗಲೇ ಅವಳ ಓರಿಯೋಲ್ ಕೂತಿತ್ತು. ನಾಲ್ಕು ನಿಮಿಷ ಮುಂಚೆ ಹಾಕಿದ್ದಳು. ನಾನು ಫೋನನ್ನು ಮೇಜಿನ ಮೇಲೆ ಕುಕ್ಕಿದೆ. ಶಾಲೆಗೆ ಹೊರಟಿದ್ದ ಮಗಳು, "ಅಮ್ಮಾ, ಇಟ್ಸ್ ಜಸ್ಟ್ ಅ ಬರ್ಡ್," ಎಂದಳು. ನಾನು ಅವಳನ್ನೂ ಗದರಿದೆ.

ಆದರೆ ನನ್ನನ್ನು ನಿಜಕ್ಕೂ ಸುಟ್ಟದ್ದು ಸಂಪಿಗೆ. ಒಮ್ಮೆ ನಾವಿಬ್ಬರೂ ಲಾಸ್ ಏಂಜಲೀಸಿನ ಒಂದು ನರ್ಸರಿಗೆ ಡ್ರೈವ್ ಮಾಡಿಕೊಂಡು ಹೋಗಿ ಎರಡು ಸಂಪಿಗೆ ಸಸಿ ತಂದಿದ್ದೆವು. "ನೀನೇ ಮೊದ್ಲು ಆರಿಸ್ಕೊಳೇ," ಎಂದಿದ್ದಳು. ನಾನು ಎತ್ತರದ್ದನ್ನೇ ಆರಿಸಿಕೊಂಡೆ. ನನ್ನದು ಒಂದೇ ವರ್ಷದಲ್ಲಿ ಎಲೆಯ ಅಂಚು ಸುಟ್ಟುಕೊಂಡು ಒಣಗಿತು. ಇಲ್ಲಿನ ನಲ್ಲಿ ನೀರಿನ ಉಪ್ಪು ಅದಕ್ಕಾಗುವುದಿಲ್ಲವಂತೆ. ಅವಳು ಮಳೆನೀರು ಹಿಡಿದಿಟ್ಟು ಹಾಕುತ್ತಿದ್ದಳಂತೆ. ಆ "ಅಂತೆ" ನನಗೆ ಗೊತ್ತಾದದ್ದು ನನ್ನ ಗಿಡ ಸತ್ತ ಮೇಲೆ.

ಎರಡು ವರ್ಷದ ಕೆಳಗೆ, ಮೇ ತಿಂಗಳಲ್ಲಿ, ಅವಳು ತಮ್ಮನ ಮದುವೆಗೆಂದು ಮನೆಮಂದಿಯ ಜೊತೆ ಬೆಂಗಳೂರಿಗೆ ಹೊರಟಳು. "ಮಿಕ್ಕಿದ್ದಕ್ಕೆಲ್ಲ ಡ್ರಿಪ್ ಇದೆ ಕಣೇ. ಸಂಪಿಗೆಗೆ ಮಾತ್ರ ಡ್ರಮ್ಮಿನ ಮಳೆನೀರು ಹಾಕ್ಬೇಕು. ಎರಡು ದಿನಕ್ಕೊಂದ್ಸಲ ಬರ್ತೀಯಾ?" ಎಂದಳು. ಬರುತ್ತೇನೆಂದೆ. ಹೋದೆ ಕೂಡ, ಒಂದು ಸಲವೂ ತಪ್ಪಿಸಲಿಲ್ಲ.

ಎರಡನೇ ವಾರ ನೀರು ಹಾಕುವಾಗ, ಮೇಲಿನ ಎಲೆಯೊಂದರ ಕಂಕುಳಲ್ಲಿ ಮೊಗ್ಗು ಕಂಡಿತು. ಕಂದು ಪೊರೆಯ ಸಣ್ಣ ಮೊಗ್ಗು. ಗಿಡ ನೆಟ್ಟಾಗಿನಿಂದ ಅವಳು ಪ್ರತಿ ಬೇಸಿಗೆಯಲ್ಲೂ ಹುಡುಕುತ್ತಿದ್ದ ಮೊಗ್ಗು. ಅದನ್ನು ಮೊದಲು ಕಂಡವಳು ನಾನು. ಅವಳಿಗೆ ಹೇಳಬೇಕಿತ್ತು. ಫೋನ್ ಕೈಗೆ ತೆಗೆದುಕೊಂಡೆ, ಮತ್ತೆ ಬ್ಯಾಗಿಗೆ ಹಾಕಿದೆ. ಅದಾದ ಮೇಲೆ ನೀರು ಬೇಡದ ದಿನವೂ ಹೋಗತೊಡಗಿದೆ.

ಐದನೇ ದಿನ ಗೇಟು ತೆಗೆಯುವಾಗಲೇ ವಾಸನೆ ಬಂತು. ಹೂ ಅರಳಿತ್ತು, ಕೆಂಡಸಂಪಿಗೆ. ನನ್ನ ಕೈ ಯೋಚನೆ ಮಾಡಲಿಲ್ಲ. ಕಿತ್ತೆ, ಮುಡಿದುಕೊಂಡೆ, ಕಾರಿನ ಕನ್ನಡಿಯಲ್ಲಿ ನೋಡಿಕೊಂಡೆ. ಮನೆಗೆ ಬಂದಾಗ ಗಂಡ, "ಏನೇ ಇದು, ಸಂಪಿಗೆ ವಾಸ್ನೆ?" ಎಂದರು. "ಅಂಗಡೀಲಿ ಸಿಕ್ತು," ಎಂದೆ. ಮುಡಿದ ಹೂವನ್ನು ದೇವರಿಗೆ ಏರಿಸುವಂತಿಲ್ಲ, ಮುಡಿಯದಿದ್ದರೂ ಏರಿಸಲು ಮನಸ್ಸಾಗುತ್ತಿರಲಿಲ್ಲ. ಕದ್ದ ಹೂವಿನ ಪುಣ್ಯ ಗಿಡದವರಿಗೇ ಸೇರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಅದೂ ಅವಳಿಗೇ ಹೋಗುವುದು ನನಗೆ ಬೇಕಿರಲಿಲ್ಲ. ಸ್ಟೀಲ್ ಲೋಟದ ನೀರಿನಲ್ಲಿಟ್ಟೆ. ಮೂರನೇ ದಿನಕ್ಕೆ ಕಪ್ಪಾಯಿತು.

ಗೆಳತಿ ಜೂನಿನಲ್ಲಿ ವಾಪಸು ಬಂದಳು. ಮದುವೆಯ ಮೈಸೂರುಪಾಕು ಕೊಡಲು ಕರೆದು, ಮಾತಾಡುತ್ತಲೇ ಗಿಡದ ಹತ್ತಿರ ಹೋದಳು. ಬೆರಳಿನಿಂದ ಎಲೆ ಸರಿಸಿ ನಿಂತುಬಿಟ್ಟಳು.

"ಇಲ್ಲಿ ನೋಡು, ತೊಟ್ಟು ಮುರಿದಿದೆ. ಹೂ ಬಿಟ್ಟಿತ್ತು ಕಣೇ! ಹಾಳಾದ ಅಳಿಲು ತಿಂದುಹಾಕಿದೆ. ನಿಂಗೆ ಕಾಣಿಸ್ಲಿಲ್ವಾ?"

"ಇಲ್ವಲ್ಲ," ಎಂದೆ. ಬಾಯಲ್ಲಿ ಮೈಸೂರುಪಾಕು ಇತ್ತು.

ಆ ತೊಟ್ಟಿನ ಫೋಟೋ ಕೂಡ ಗುಂಪಿಗೆ ಹೋಯಿತು. ಎಲ್ಲರೂ ಅಳಿಲನ್ನು ಬೈದರು, ನಾನೂ ಒಂದು ಅಳುಮುಖ ಹಾಕಿದೆ. ಇನ್ನೆರಡು ಎಳೆಮೊಗ್ಗು ಕಂಡಿದ್ದರಿಂದ ಅವಳು ಗಿಡಕ್ಕೆಲ್ಲ ಬಲೆ ಹೊದಿಸಿದಳು.

ಹತ್ತು ದಿನ ಕಳೆದಿರಬೇಕು, ಮಧ್ಯಾಹ್ನ ಫೋನ್ ಬಂತು. "ಬೇಗ ಬಾರೇ, ಬಲೇಲಿ ಹಕ್ಕಿ ಸಿಕ್ಕಾಕೊಂಡಿದೆ. ಇವ್ರು ಆಫೀಸಲ್ಲಿದಾರೆ, ನಂಗೊಬ್ಳಿಗೆ ಆಗ್ತಿಲ್ಲ."

ಹೋಗಿ ನೋಡಿದರೆ ಒಂದು ಬೂದು ಹಕ್ಕಿ, ಮಾಕಿಂಗ್‌ಬರ್ಡ್. ಒಂದು ರೆಕ್ಕೆಯೂ ಎರಡು ಕಾಲೂ ನೂಲಿನಲ್ಲಿ ಸುತ್ತಿಕೊಂಡಿದ್ದವು. ಕೊಕ್ಕು ತೆರೆದೇ ಇತ್ತು. ನಾನು ಟವೆಲ್ಲಿನಲ್ಲಿ ಹಿಡಿದೆ, ಅವಳು ಉಗುರು ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿದಳು. ಟವೆಲ್ಲಿನೊಳಗೆ ಅದರ ಎದೆ ಹೊಡೆದುಕೊಳ್ಳುವುದು ನನ್ನ ಅಂಗೈಗೆ ತಿಳಿಯುತ್ತಿತ್ತು. ಕೊನೆಗೆ ಬಿಟ್ಟಾಗ ಬೇಲಿಯ ಮೇಲೆ ಒಂದು ಗಳಿಗೆ ಕೂತು ಹಾರಿಹೋಯಿತು.

ಅವಳು ಮೆಟ್ಟಿಲ ಮೇಲೆ ಕೂತಳು. "ಬಲೆ ತೆಗ್ದುಬಿಡ್ಲಾ? ಆದ್ರೆ ತೆಗೆದ್ರೆ ಆ ಅಳಿಲು ಬಿಡಲ್ಲ."

"ಅಳಿಲಲ್ಲ ಕಣೇ," ಎಂದೆ. "ನಾನು."

"ಏನು ನೀನು?"

"ಹೂ ಕಿತ್ತಿದ್ದು ನಾನು. ಮೊಗ್ಗು ಕೂಡ ನೋಡಿದ್ದೆ. ನಿಂಗೆ ಹೇಳ್ಲಿಲ್ಲ."

ಅವಳು ಕತ್ತರಿಯಲ್ಲಿ ಸಿಕ್ಕಿದ್ದ ನೂಲು ಬಿಡಿಸುತ್ತಿದ್ದಳು.

"ಫೋಟೋನಾದ್ರೂ ತೆಗೆದ್ಯಾ?"

"ಇಲ್ಲ."

"ಕೇಳಿದ್ದಿದ್ರೆ ಕಿತ್ಕೋ ಅಂತಿದ್ದೆ," ಎಂದಳು. ಕತ್ತರಿ ಕೆಳಗಿಟ್ಟು, "ಅಂತಿದ್ನೋ ಇಲ್ವೋ, ಗೊತ್ತಿಲ್ಲ," ಎಂದಳು.

ಇಬ್ಬರೂ ಸೇರಿ ಬಲೆ ಬಿಚ್ಚಿ ಸುತ್ತಿಟ್ಟೆವು. ಯಾವಾಗಲೂ ಕಾಫಿ ಕುಡಿಸದೆ ಕಳಿಸದವಳು ಆ ದಿನ ಗೇಟಿನವರೆಗೂ ಬರಲಿಲ್ಲ. ಕಾರಿನಲ್ಲಿ ಕೂತು ಅತ್ತೆ. ನಾಚಿಕೆಗೆಂದು ಹೇಳಬಹುದಿತ್ತು, ಆದರೆ ಉಳಿದ ಎರಡು ಮೊಗ್ಗು ಇನ್ನೆರಡು ದಿನದಲ್ಲಿ ಅವಳೆದುರೇ ಅರಳುತ್ತವೆ ಎಂಬ ಯೋಚನೆಯೂ ಆ ಅಳುವಿನಲ್ಲಿತ್ತು.

ಅರಳಿದವು. ಗುಂಪಿನಲ್ಲಿ ಫೋಟೋ ಹಾಕಿ ಕೆಳಗೆ "ಎರಡನೇ ಹೂ, ಮೂರನೇ ಹೂ" ಎಂದು ಬರೆದಳು. ಮೊದಲನೆಯದು ಅಳಿಲಿನ ಪಾಲಾಯಿತಲ್ಲ, ಪಾಪ, ಎಂದು ಯಾರೋ ಬರೆದರು. "ಅಳಿಲಲ್ಲ. ನಾನು ಊರಲ್ಲಿದ್ದಾಗ ಅರಳಿತ್ತು, ಅಷ್ಟೇ," ಎಂದು ಉತ್ತರಿಸಿದಳು. ನನ್ನ ಹೆಸರು ಅಲ್ಲಿ ಬರಲಿಲ್ಲ. ಅದನ್ನು ಓದಿ ನನಗೆ ಸಮಾಧಾನವಾಗಬೇಕಿತ್ತು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆನೇ ಎಂದು ಕೇಳಿಕೊಂಡೆ. ಇಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಈಗಲೂ ಹಬ್ಬಕ್ಕೆ ಕರೆಯುತ್ತಾಳೆ, ಕುಂಕುಮ ಕೊಡುತ್ತಾಳೆ, ಮಗಳ ಓದಿನ ಬಗ್ಗೆ ವಿಚಾರಿಸುತ್ತಾಳೆ. ಮರುವರ್ಷ ಅವಳು ಮತ್ತೆ ಊರಿಗೆ ಹೋದಾಗ ಸಂಪಿಗೆಗೆ ನೀರು ಹಾಕಲು ಕಾರ್ಲ್ಸ್‌ಬಾಡಿನಿಂದ ಗುಂಪಿನ ಇನ್ನೊಬ್ಬರು ಬರುತ್ತಿದ್ದರು, ಅರ್ಧ ಗಂಟೆಗೂ ಮೀರಿದ ಡ್ರೈವ್. ನಾನಿರುವುದು ಹದಿನೈದು ನಿಮಿಷದ ದಾರಿಯಲ್ಲಿ. ಒಂದು ದಿನ ಆ ಹೆಂಗಸು ಗುಂಪಿನಲ್ಲಿ ಆ ಸಂಪಿಗೆಯ ಮೊಗ್ಗಿನ ಫೋಟೋ ಹಾಕಿ, "ಮೊದ್ಲು ನಾನೇ ನೋಡಿದ್ದು!" ಎಂದು ಬರೆದರು. ಬೆಂಗಳೂರಿನಿಂದ ನನ್ನ ಗೆಳತಿ ಒಂದು ಹೃದಯದ ಗುರುತು ಕಳಿಸಿದಳು. ನಾನು ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ.