ನೂರಿಪ್ಪತ್ತು ಗಂಟೆಯ ಸರ್ಟಿಫಿಕೇಟು

ಡಿಸೆಂಬರಿನ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಒಂಬತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಗೋಡೆಯಾಚೆ ಎಂಟನೇ ತರಗತಿಗೆ ಇಂಗ್ಲಿಷ್ ಪಾಠ ನಡೆದಿತ್ತು. ಪಾಠ ಮಾಡುತ್ತಿದ್ದವಳು ಆ ವರ್ಷವಷ್ಟೇ ಕೆಲಸಕ್ಕೆ ಸೇರಿದ ಹುಡುಗಿ. ಅದೇ ಶಾಲೆಯಲ್ಲಿ ನನ್ನ ಹತ್ತಿರವೇ ಇಂಗ್ಲಿಷ್ ಕಲಿತವಳು. ಅವಳು ಒಂದು ಸಾಲು ಓದಿ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಳು, ಮತ್ತೊಂದು ಸಾಲು ಓದಿ ಮತ್ತೆ ಕನ್ನಡ. "ಡಿಸಪಾಯಿಂಟೆಡ್ ಅಂದ್ರೆ ಏನು? ಶನಿವಾರ ಸಂತೆಗೆ ಹೋಗಿ, ಸಂತೆ ಎದ್ದ ಮೇಲೆ ತಲುಪಿದ್ರೆ ಹೆಂಗಾಗ್ತದೆ, ಹಂಗೆ!" ಎಂದಳು. ಮಕ್ಕಳು ಹೋ ಎಂದು ನಕ್ಕರು.

ಅದು ನನ್ನ ಮಾತು. ಶಬ್ದಕ್ಕೆ ಶಬ್ದ ನನ್ನದೇ. ನಡುವೆ ತಡೆದು, ಮಕ್ಕಳ ಮುಖ ನೋಡಿ, ಆಮೇಲೆ ಹೇಳುವ ಆ ರೀತಿ ಕೂಡ ನನ್ನದು. ಹನ್ನೊಂದು ವರ್ಷ ನಾನು ಅದೇ ಪಾಠಕ್ಕೆ, ಅದೇ ಶಬ್ದಕ್ಕೆ, ಅದೇ ಮಾತು ಹೇಳಿದ್ದೆ. ಬೇರೆಯವರಾಗಿದ್ದರೆ ಹೆಮ್ಮೆಪಡುತ್ತಿದ್ದರೋ ಏನೋ. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ನೀರು ಕುಡಿದೆ, ಬಂದು ಕೂತೆ, ಮತ್ತೆ ಎದ್ದೆ. ನಾನಿಲ್ಲದೆಯೂ ನನ್ನ ಪಾಠ ಆ ಶಾಲೆಯಲ್ಲಿ ನಡೆಯುತ್ತಿದೆ, ಹಾಗಾದರೆ ನಾನಿಲ್ಲಿ ಏನು ಮಾಡುತ್ತಿದ್ದೇನೆ ಅನ್ನಿಸಿತು.

ಪಾಸ್‌ಪೋರ್ಟ್ ಮಾಡಿಸಿ ಎರಡು ವರ್ಷವಾಗಿತ್ತು. ಯಾಕೆ ಮಾಡಿಸಿದ್ದೆ ಎಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಿಜವೆಂದರೆ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಸಂಜೆ ಶಾಲೆಯಿಂದ ಬರುತ್ತ ಬಸ್ಸಿನಲ್ಲೇ ಫೋನಿನಲ್ಲಿ ಹುಡುಕಿದೆ: ವಿದೇಶದಲ್ಲಿ ಇಂಗ್ಲಿಷ್ ಕಲಿಸಲು ಏನು ಬೇಕು? ಪದವಿ ಬೇಕು, ಇತ್ತು. ಬಿ.ಎಡ್. ಇದ್ದರೆ ಒಳ್ಳೆಯದು, ಅದೂ ಇತ್ತು. ಅದರ ಮೇಲೊಂದು ಸರ್ಟಿಫಿಕೇಟು ಬೇಕು, ಕನಿಷ್ಠ ನೂರಿಪ್ಪತ್ತು ಗಂಟೆಯದು. ಅಷ್ಟು ಓದುವುದರೊಳಗೆ ಯಾವುದೋ ಒಂದು ಕಡೆ ನನ್ನ ನಂಬರ್ ಕೊಟ್ಟುಬಿಟ್ಟಿದ್ದೆ. ಮನೆ ಮುಟ್ಟುವ ಮೊದಲೇ ಫೋನ್ ಬಂತು.

"ಮೇಡಂ, ನಮ್ಮ ಕೋರ್ಸ್ ಆಫರ್ ಇವತ್ತು ಸಂಜೆಗೆ ಮುಗಿಯುತ್ತೆ," ಅಂದಳು ಒಬ್ಬ ಹುಡುಗಿ.

ಆ ಆಫರ್ ಅವತ್ತು ಮುಗಿಯಲಿಲ್ಲ. ಮಾರನೇ ದಿನವೂ ಅದೇ ಹುಡುಗಿ ಫೋನ್ ಮಾಡಿ ಇವತ್ತು ಸಂಜೆಗೆ ಮುಗಿಯುತ್ತೆ ಅಂದಳು. ಜನವರಿ ಬಂದರೂ ಅದು ಪ್ರತಿ ಸಂಜೆ ಮುಗಿಯುತ್ತಲೇ ಇತ್ತು.

ಆ ಒಂದು ತಿಂಗಳು ನಾನು ನೆಮ್ಮದಿಯಿಂದ ಒಂದು ಊಟವನ್ನೂ ಮಾಡಿದ ನೆನಪಿಲ್ಲ. ಎರಡು ದಿನದಲ್ಲಿ ಮುಗಿಸುವ ಕೋರ್ಸು, ಮನೆಯಲ್ಲೇ ಕೂತು ಮಾಡುವ ಕೋರ್ಸು, ಪಾಠ ಮಾಡಿದ ವಿಡಿಯೊ ಕಳಿಸುವ ಕೋರ್ಸು, ಚೆನ್ನೈಗೆ ಹೋಗಿ ನಾಲ್ಕು ವಾರ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಕಲಿಯುವ ಕೋರ್ಸು. ಎಲ್ಲವೂ 'ಅಂತರರಾಷ್ಟ್ರೀಯ ಮಾನ್ಯತೆ' ಎಂದು ಬರೆದುಕೊಂಡಿದ್ದವು. ಯಾರು ಕೊಟ್ಟ ಮಾನ್ಯತೆ ಎಂದು ಕೇಳಿದರೆ ಒಂದೊಂದು ಕಡೆ ಒಂದೊಂದು ಹೆಸರು. ಆ ಹೆಸರನ್ನು ಹುಡುಕಿಕೊಂಡು ಹೋದರೆ, ಅದು ಕೋರ್ಸು ನಡೆಸುವವರೇ ಕಟ್ಟಿಕೊಂಡ ಸಂಸ್ಥೆಯಂತೆ ಕಾಣುತ್ತಿತ್ತು. ಬೆಳಿಗ್ಗೆ ಒಂದನ್ನು ಆರಿಸಿ ಸಂಜೆಗೆ ಬಿಡುತ್ತಿದ್ದೆ. ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಲು ಹೇಳಿ, ಮೇಜಿನ ಕೆಳಗೆ ಫೋನ್ ನೋಡುತ್ತಿದ್ದೆ. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಮನೆಯಲ್ಲಿ ಮೊದಲು ತಿಳಿದದ್ದು ಅಪ್ಪನಿಗೆ. ಶನಿವಾರಸಂತೆಯ ಪೇಟೆಯಲ್ಲಿ ಅವರದು ಬಿತ್ತನೆ ಬೀಜ, ಹಗ್ಗ, ಟಾರ್ಪಾಲು ಮಾರುವ ಅಂಗಡಿ. ಶನಿವಾರ ಶಾಲೆ ಅರ್ಧ ದಿನ. ಸಂತೆಯ ಗಲಾಟೆಗೆ ಕೈ ಸೇರಿಸಲೆಂದು ನಾನು ಮಧ್ಯಾಹ್ನ ಅಂಗಡಿಗೆ ಹೋಗುತ್ತಿದ್ದೆ. ಒಂದು ಶನಿವಾರ ಗಿರಾಕಿಗಳು ಕರಗಿದ ಹೊತ್ತಿನಲ್ಲಿ ನಾನು ಫೋನಿನ ಮೇಲೆ ಬಗ್ಗಿ ಕೂತಿದ್ದೆ. ಎರಡು ದಿನದ ಆ ಕೋರ್ಸಿನ ಮೊದಲ ಭಾಗವನ್ನು ಪುಕ್ಕಟೆಯಾಗಿ ನೋಡಲು ಬಿಟ್ಟಿದ್ದರು, ಕೊನೆಗೊಂದು ಪರೀಕ್ಷೆಯೂ ಇತ್ತು.

"ಅದೇನವ್ವ ಅಷ್ಟು ಹೊತ್ತಿಂದ?" ಅಂದರು ಅಪ್ಪ.

ಹೇಳಿಬಿಟ್ಟೆ. ಹೊರದೇಶ, ಒಂದು ವರ್ಷ, ಸರ್ಟಿಫಿಕೇಟು, ಎಲ್ಲವನ್ನೂ ಒಂದೇ ಉಸಿರಿನಲ್ಲಿ. ಅಪ್ಪ ಟಾರ್ಪಾಲು ಮಡಿಸುತ್ತಲೇ ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸ್ಟೂಲ್ ಎಳೆದು ಪಕ್ಕದಲ್ಲಿ ಕೂತರು.

"ಪರೀಕ್ಷೆ ಹೆಂಗಿರ್ತದೆ ನೋಡಣ. ಕನ್ನಡದಲ್ಲಿ ಹೇಳು."

ತರಗತಿಯಲ್ಲಿ ವಿದ್ಯಾರ್ಥಿ ತಪ್ಪು ಮಾಡಿದರೆ ಶಿಕ್ಷಕ ಏನು ಮಾಡಬೇಕು? ನಾಲ್ಕು ಉತ್ತರಗಳಿದ್ದವು. ನಾನು ಓದಿ ಹೇಳಿದೆ.

"ಉದ್ದ ಇರೋದನ್ನ ಒತ್ತು," ಅಂದರು ಅಪ್ಪ.

"ಅದು ಹಂಗಲ್ಲ ಅಪ್ಪ..."

"ಒತ್ತು ಕಣವ್ವ. ಅಷ್ಟು ಕಷ್ಟಪಟ್ಟು ಉದ್ದಕ್ಕೆ ಬರ್ದವ್ರೆ ಅಂದ್ರೆ ಅದೇ ಸರಿ ಇರ್ತದೆ. ಉಳಿದಿದ್ದನ್ನ ಜಾಗ ತುಂಬ್ಸಕ್ಕೆ ಬರ್ದಿರ್ತಾರೆ."

ಒತ್ತಿದೆ. ಸರಿಯಿತ್ತು. ಮುಂದಿನದಕ್ಕೂ ಉದ್ದದ್ದನ್ನೇ ಒತ್ತಿಸಿದರು. ಹತ್ತು ಪ್ರಶ್ನೆಗಳಲ್ಲಿ ಒಂಬತ್ತು ಸರಿ. 'ಅಭಿನಂದನೆಗಳು, ನೀವು ಉತ್ತಮ ಶಿಕ್ಷಕರಾಗುವ ದಾರಿಯಲ್ಲಿದ್ದೀರಿ' ಎಂದು ಪರದೆಯ ಮೇಲೆ ಬಣ್ಣದ ಚುಕ್ಕೆಗಳು ಉದುರಿದವು. ಇಂಗ್ಲಿಷಿನಲ್ಲಿ ಅಂಗಡಿ ಬೋರ್ಡಿನಾಚೆ ಓದಲಾರದ ನನ್ನಪ್ಪ ಪಾಸಾಗಿದ್ದರು.

"ಹಂಗಾದ್ರೆ ನಾನೂ ಬರ್ಲಾ ಹೊರದೇಶಕ್ಕೆ?" ಎಂದು ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಅಪ್ಪ ನಗು ನಿಲ್ಲಿಸಿ, "ಇದ್ರಲ್ಲಿ ನೀನು ಕಲಿಯಾದೇನವ್ವ?" ಎಂದು ಕೇಳಿದರು. ಅಷ್ಟರಲ್ಲಿ ಒಬ್ಬರು ಹಗ್ಗ ಕೇಳಿಕೊಂಡು ಬಂದರು, ಅಪ್ಪ ಎದ್ದು ಹೋದರು. ನಾನು ಆ ಕೋರ್ಸಿನ ಪುಟ ಮುಚ್ಚಿ, ಹಗ್ಗ ಅಳೆಯಲು ಎದ್ದೆ.

ಅದೇ ವಾರ ಚೆನ್ನೈನ ನಾಲ್ಕು ವಾರದ ಕೋರ್ಸಿಗೆ ಅರ್ಜಿ ಹಾಕಿದೆ. ಅಲ್ಲಿ ದುಡ್ಡು ಕಟ್ಟಿದರೆ ಸಾಲದು, ಮೊದಲು ಸಂದರ್ಶನ. ನಮ್ಮ ಮನೆಯಲ್ಲಿ ವಿಡಿಯೊ ಕಾಲ್ ನಿಲ್ಲುವುದಿಲ್ಲವಾದ್ದರಿಂದ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕೂತೆ. ಆಚೆ ಬದಿ ಕನ್ನಡಕ ಹಾಕಿದ, ಮೆದು ಮಾತಿನ ಒಬ್ಬ ಹಿರಿಯ ಹೆಂಗಸು. ವ್ಯಾಕರಣದ ಪ್ರಶ್ನೆಗಳಿಗೆಲ್ಲ ಪಟಪಟನೆ ಹೇಳಿದೆ. ಕೊನೆಗೆ ಅವರು, 'ಆಲ್ರೆಡಿ' ಅನ್ನುವ ಶಬ್ದವನ್ನು ಹೊಸಬರಿಗೆ ಹೇಗೆ ಕಲಿಸುತ್ತೀರಿ ಎಂದು ಕೇಳಿದರು.

"ಕನ್ನಡದಲ್ಲಿ ಹೇಳುತ್ತೇನೆ. ಆಗಲೇ ಅಂತ."

"ಅವರಿಗೆ ಕನ್ನಡ ಬರುವುದಿಲ್ಲ."

ಅರ್ಥ ವಿವರಿಸಲು ಹೊರಟು, ಆ ವಿವರಣೆಗೆ ಇನ್ನೂ ಕಷ್ಟದ ಶಬ್ದಗಳನ್ನು ಬಳಸಿ, ನಡುವೆ ನಿಂತುಹೋದೆ. ಆಕೆ ಏನೋ ಬರೆದುಕೊಂಡರು. ಆಮೇಲೆ, "ನಿಮಗೆ ಇಂಗ್ಲಿಷ್ ಚೆನ್ನಾಗಿ ಗೊತ್ತು. ಆದರೆ ಅನುವಾದ ಬಿಟ್ಟು ಕಲಿಸಿದ ಅನುಭವ ಇಲ್ಲ. ಆರು ವಾರ ಬಿಟ್ಟು ಮತ್ತೆ ಮಾತಾಡೋಣವೇ?" ಅಂದರು. ಬೇಡವೆಂದು ಅವರು ಹೇಳಲಿಲ್ಲ. ನನಗೆ ಮಾತ್ರ ಹಾಗೆಯೇ ಕೇಳಿಸಿತು.

ಸಿಟ್ಟು ಬಂತು. ಹನ್ನೊಂದು ವರ್ಷ ಪಾಠ ಮಾಡಿದವಳು ನಾನು! ಪ್ರತಿ ಸಂಜೆ ಮುಗಿಯುವ ಆಫರಿನ ಹುಡುಗಿಗೆ ನಾನೇ ಫೋನ್ ಮಾಡಿ ಸೇರುತ್ತೇನೆ ಎಂದೆ. ಅವಳು ಕಳಿಸಿದ ಪುಟ ತೆರೆದು ಹೆಸರು, ವಿಳಾಸ ತುಂಬಿದೆ. ಸರ್ಟಿಫಿಕೇಟಿನ ಮೇಲೆ ಹೆಸರು ಹೇಗಿರಬೇಕು ಎಂದು ಕೇಳಿದ್ದರು, ಅದನ್ನೂ ಬರೆದೆ. ಕೆಳಗೆ ಮಾದರಿ ತೋರಿಸಿದರು: ಬಂಗಾರದ ಅಂಚು, ನನ್ನ ಹೆಸರು, ನೂರಿಪ್ಪತ್ತು ಗಂಟೆ. ಪಾಠದ ಒಂದು ಪುಟ ತೆರೆಯುವ ಮುಂಚೆಯೇ ನೂರಿಪ್ಪತ್ತು ಗಂಟೆ ಮುಗಿಸಿದ್ದೆ. ಅದನ್ನು ಬಹಳ ಹೊತ್ತು ನೋಡಿದೆ. ದುಡ್ಡು ಕಟ್ಟುವ ಗುಂಡಿ ಒತ್ತದೆ ಫೋನ್ ಆರಿಸಿಬಿಟ್ಟೆ.

ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಮೂರ್ನಾಡಿಗೆ ಹೋದೆ. ಕಾಲೇಜಿನ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಗೆಳತಿಯ ಮನೆ ಅಲ್ಲಿ. ಅವಳೀಗ ಮನೆಯವರ ಕಾಫಿ ತೋಟ ನೋಡಿಕೊಳ್ಳುತ್ತಾಳೆ. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ನಡೆಯುತ್ತಿದ್ದ ಕಾಲ. ಕಣದ ತುಂಬ ಹಣ್ಣು ಹರವಿದ್ದರು. ನನ್ನ ಗೋಳು ಪೂರ್ತಿ ಕೇಳಿಸಿಕೊಂಡ ಮೇಲೆ ಅವಳು ಹೇಳಿದಳು:

"ಕನ್ನಡ ಬರದವರೇ ಬೇಕಾ ನಿಂಗೆ? ನಮ್ಮ ತೋಟದ ಲೈನುಮನೇಲಿ ಐದು ಜನ ಇದ್ದಾರೆ ಮಾರಾಯ್ತಿ, ಅಸ್ಸಾಮಿನವರು. ನಂಗೆ ಕೈಸನ್ನೆ ಮಾಡಿ ಮಾಡಿ ಸಾಕಾಗಿಹೋಗಿದೆ. ಮೊನ್ನೆ ಒಬ್ಬಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋದ್ರೆ ಎಲ್ಲಿ ನೋವು ಅಂತ ಹೇಳೋಕೂ ಆಗ್ಲಿಲ್ಲ ಪಾಪ. ನೀನು ಅವರಿಗೆ ಕನ್ನಡ ಕಲಿಸು."

"ನಾನು ಕಲಿಸಬೇಕಾಗಿರೋದು ಇಂಗ್ಲಿಷು."

"ಕಲಿಸೋದು ಬರ್ತದಾ ಇಲ್ವಾ ಅಂತ ತಾನೇ ನಿನ್ನ ಪ್ರಶ್ನೆ?"

ಕೆಲಸಗಾರರ ಲೈನುಮನೆಗಳ ಮುಂದಿನ ಅಂಗಳದಲ್ಲಿ ನನ್ನ ಮೊದಲ ಪಾಠ. ಐದು ಹೆಂಗಸರು ತಲೆಗೆ ಎಣ್ಣೆ ಹಚ್ಚಿ, ಬಾಚಿ, ಶಿಸ್ತಾಗಿ ಬಂದು ಕೂತರು. ಒಬ್ಬಳಿಗೆ ಮಾತ್ರ ಅಲ್ಪಸ್ವಲ್ಪ ಹಿಂದಿ ಬರುತ್ತಿತ್ತು, ನನ್ನ ಹಿಂದಿಯೋ ಹೈಸ್ಕೂಲಿಗೇ ನಿಂತದ್ದು. ನಾನು ಅರ್ಧ ಗಂಟೆ ಬಿಡದೆ ಮಾತಾಡಿದೆ. ಹಲಗೆಯ ಮೇಲೆ ಅಕ್ಷರ ಬರೆದೆ. ಅವರು ನನ್ನನ್ನು ಮರ್ಯಾದೆಯಿಂದ ನೋಡುತ್ತಿದ್ದರು. ಒಬ್ಬಳು ಮೆಲ್ಲಗೆ ಎದ್ದು ಅನ್ನ ಬಸಿಯಲು ಹೋದಳು, ತಿರುಗಿ ಬರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಗಂಟಲು ನೋಯುತ್ತಿತ್ತು. ಅವರು ಒಂದು ಶಬ್ದವನ್ನೂ ಆಡಿರಲಿಲ್ಲ ಎಂಬುದು ಮಡಿಕೇರಿ ದಾಟಿದ ಮೇಲೆ ಹೊಳೆಯಿತು.

ಎರಡನೇ ಭಾನುವಾರ ಹಲಗೆ ಮುಟ್ಟಲಿಲ್ಲ. ತಲೆ ಹಿಡಿದುಕೊಂಡು ಮುಖ ಕಿವುಚಿ "ತಲೆ ನೋವು" ಎಂದೆ. ಹೊಟ್ಟೆ ಹಿಡಿದುಕೊಂಡು ಸುಮ್ಮನಾದೆ. ಆಮೇಲೆ ಹೋದ ವಾರ ಎದ್ದುಹೋಗಿದ್ದವಳೇ "ಹೊಟ್ಟೆ ನೋವು" ಎಂದಳು. 'ಹೊಟ್ಟೆ' ಅವಳಿಗೆ ಹೇಗೆ ಗೊತ್ತಿತ್ತೋ. ಉಳಿದವರು ನಕ್ಕು, ತಾವೂ ಸೊಂಟ, ಮೊಣಕಾಲು, ಹಲ್ಲು ಹಿಡಿದುಕೊಂಡು ನನ್ನತ್ತ ನೋಡಿದರು. ನಾನು ಹೆಸರು ಹೇಳಿದೆ, 'ನೋವು' ಅನ್ನುವುದನ್ನು ಅವರು ಸೇರಿಸಿದರು.

'ಆಗಲೇ' ಕಲಿಸಲು ಮೂರು ಭಾನುವಾರ ಬೇಕಾಯಿತು. ಎರಡು ಸಲ ಸೋತೆ. ಮೂರನೆಯ ಸಲ ಗೆಳತಿಯ ಮನೆಯಿಂದ ಚಹಾ ತರಿಸಿ, ನನ್ನ ಲೋಟವನ್ನು ಅವರೆದುರೇ ಕುಡಿದು ಖಾಲಿ ಮಾಡಿ, ಕೆಳಗಿಟ್ಟೆ. ಗೆಳತಿ ಕೆಟಲ್ ಹಿಡಿದು ಬಂದು "ಟೀ ಕುಡೀತೀಯಾ?" ಎಂದಳು. ನಾನು ಖಾಲಿ ಲೋಟ ತೋರಿಸಿ "ಬೇಡ, ಆಗಲೇ ಕುಡಿದೆ" ಎಂದೆ. ಅದನ್ನೇ ಊಟಕ್ಕೆ, ಸ್ನಾನಕ್ಕೆ, ಬಟ್ಟೆ ಒಗೆಯುವುದಕ್ಕೆ ಮಾಡಿ ತೋರಿಸಿದೆವು. ನಾಲ್ಕು ದಿನದ ನಂತರ ಗೆಳತಿ ಫೋನ್ ಮಾಡಿದಳು. ಸಂಜೆ ತೂಕ ಬರೆದುಕೊಳ್ಳುವ ರೈಟರು, ಅನ್ನ ಬಸಿಯಲು ಎದ್ದುಹೋಗಿದ್ದ ಆ ಹೆಂಗಸಿನ ಹಣ್ಣಿನ ಚೀಲವನ್ನು ಎರಡನೇ ಸಲ ತಕ್ಕಡಿಗೆ ಎತ್ತಲು ಹೋದಾಗ ಅವಳು ಕೈ ಅಡ್ಡ ಹಿಡಿದು "ಆಗಲೇ ಆಯ್ತು" ಎಂದಳಂತೆ. ರೈಟರಿಗೆ ತಬ್ಬಿಬ್ಬು. "ಇನ್ನು ಮೇಲೆ ನನ್ನ ಜೊತೆ ಜಗಳ ಆಡೋಕೂ ಕಲಿಸ್ತೀಯಾ ಹೇಗೆ?" ಎಂದು ಗೆಳತಿ ನಗುತ್ತಿದ್ದಳು. ನಾನು ಫೋನ್ ಹಿಡಿದು ಅಂಗಳದಲ್ಲಿ ಎರಡು ಸುತ್ತು ಹಾಕಿದೆ. ಅಷ್ಟು ಸಂತೋಷ ನನ್ನ ತರಗತಿಯ ಯಾವ ಮಗು ಇಂಗ್ಲಿಷಿನಲ್ಲಿ ನೂರಕ್ಕೆ ನೂರು ತೆಗೆದಾಗಲೂ ಆಗಿರಲಿಲ್ಲ.

ಮಾರ್ಚಿನಲ್ಲಿ ಎರಡನೇ ಸಂದರ್ಶನ. ಈ ಸಲ ಅದೇ ಹೆಂಗಸು ಪ್ರಶ್ನೆ ಕೇಳುವ ಮೊದಲೇ ನಾನು ಲೈನಿನ ಕಥೆ ಹೇಳತೊಡಗಿದೆ. ನಡುವೆ ಆಕೆ ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು. ಸೀಟು ಸಿಕ್ಕಿತು. ಬೇಸಿಗೆ ರಜೆಯಲ್ಲೇ ಕೋರ್ಸು ಬಿದ್ದಿದ್ದರಿಂದ ಶಾಲೆಯಲ್ಲಿ ರಜೆ ಬೇಡುವ ಗೋಜಿರಲಿಲ್ಲ. ಚೆನ್ನೈನ ಸೆಖೆಯಲ್ಲಿ ನಾಲ್ಕು ವಾರ. ಹಿಂದಿನ ಬೆಂಚಿನಲ್ಲಿ ಕೂತ ತರಬೇತುದಾರರು ನನ್ನ ಪ್ರತಿ ಮಾತನ್ನೂ ಬರೆದುಕೊಳ್ಳುತ್ತಿದ್ದರು. ಮೊದಲ ಪಾಠಕ್ಕೆ 'ಶಿಕ್ಷಕಿ ವಿಪರೀತ ಮಾತಾಡುತ್ತಾರೆ' ಎಂದಿತ್ತು. ಕೊನೆಯ ಪಾಠಕ್ಕೆ 'ಈಗಲೂ ಸ್ವಲ್ಪ ಹೆಚ್ಚು'. ಪಾಸಾದೆ, ಸಾಧಾರಣ ದರ್ಜೆಯಲ್ಲಿ.

ಸರ್ಟಿಫಿಕೇಟು ಬಂದರೆ ತಳಮಳ ತಣಿಯುತ್ತದೆ ಎಂದುಕೊಂಡಿದ್ದೆ. ಕೆಲಸದ ಜಾಹೀರಾತುಗಳನ್ನು ನೋಡಿದಾಗ ಇನ್ನೊಂದು ಶುರುವಾಯಿತು. ಬಹಳಷ್ಟು ಕಡೆ ಇಂತಿಂಥ ದೇಶಗಳ ಪಾಸ್‌ಪೋರ್ಟ್ ಇದ್ದವರು ಮಾತ್ರ ಅರ್ಜಿ ಹಾಕಬಹುದು ಎಂದಿತ್ತು. ಆ ಪಟ್ಟಿಯಲ್ಲಿ ನನ್ನ ದೇಶ ಇರಲಿಲ್ಲ. ಯಾವ ಕೋರ್ಸಿನವರೂ ಇದನ್ನು ನನಗೆ ಹೇಳಿರಲಿಲ್ಲ, ಚೆನ್ನೈನವರೂ ಹೇಳಿರಲಿಲ್ಲ. ಒಬ್ಬರು ಫೋನಿನಲ್ಲಿ ನನ್ನ ದನಿ ಕೇಳಿ, ಉಚ್ಚಾರಣೆ ಚೆನ್ನಾಗಿದೆ, ಆದರೆ ಭಾರತದ ಶಿಕ್ಷಕಿಯನ್ನು ಇಲ್ಲಿನ ಮಕ್ಕಳ ಪೋಷಕರು ಒಪ್ಪುವುದಿಲ್ಲ ಅಂದರು. ನಾನು ಅರ್ಜಿ ಹಾಕುವುದನ್ನು ನಿಲ್ಲಿಸಲಿಲ್ಲ. ಜೂನ್, ಜುಲೈ, ಆಗಸ್ಟ್ ಹಾಗೆಯೇ ಹೋದವು. ಶಾಲೆಗೆ ಹೋಗುತ್ತಿದ್ದೆ, ಪಾಠ ಮಾಡುತ್ತಿದ್ದೆ. ಕನ್ನಡ ಬಳಸದೆ ಪಾಠ ಮಾಡಲು ಹೋಗಿ, ಮೇಡಂಗೆ ಏನೋ ಆಗಿದೆ ಎಂದು ಮಕ್ಕಳ ಮನೆಯವರು ಬಂದು ವಿಚಾರಿಸಿದ್ದೂ ಆಯಿತು.

ಸೆಪ್ಟೆಂಬರಿನಲ್ಲಿ ವಿಯೆಟ್ನಾಮಿನ ಒಂದು ಸಣ್ಣ ಊರಿನ ಭಾಷಾ ಶಾಲೆಯಿಂದ ಕರೆ ಬಂತು. ಪಾಸ್‌ಪೋರ್ಟಿನ ಬಗ್ಗೆ ಅವರು ತಕರಾರು ಮಾಡಲಿಲ್ಲ. ಪದವಿ ಪತ್ರಕ್ಕೆ ಮುದ್ರೆ, ಪೊಲೀಸರ ಪತ್ರ, ಇಂಗ್ಲಿಷ್ ಬರುತ್ತದೆ ಅನ್ನುವುದಕ್ಕೆ ಮತ್ತೊಂದು ಪರೀಕ್ಷೆ, ಎಲ್ಲಕ್ಕೂ ಓಡಾಡಿದೆ. ಅಲ್ಲೂ ಸುತ್ತಮುತ್ತ ಕಾಫಿ ಬೆಳೆಯುತ್ತಾರೆ ಎಂದಾಗ ಅಪ್ಪ, "ಅದನ್ನ ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ?" ಎಂದು ಗೊಣಗಿದರು. ಆದರೆ ಸೂಟ್‌ಕೇಸಿಗೆ ಕಟ್ಟಲು ಅಂಗಡಿಯಿಂದ ಗಟ್ಟಿ ಹಗ್ಗವನ್ನು ತಾವೇ ಆರಿಸಿ ತಂದರು.

ಇಲ್ಲಿಗೆ ಬಂದು ಎಂಟು ತಿಂಗಳಾಯಿತು. ನನ್ನ ತರಗತಿಯಲ್ಲಿ ಹನ್ನೆರಡು ಜನ: ಬ್ಯಾಂಕಿನವರು, ಒಬ್ಬ ನರ್ಸ್, ತರಕಾರಿ ಮಾರುವ ಒಬ್ಬ ಅಜ್ಜಿ. ಒಳ್ಳೆಯ ಪಾಠ ಆದ ದಿನ ನಾನು ಹಾರಾಡುತ್ತ ಕೋಣೆಗೆ ಬರುತ್ತೇನೆ. ಕೆಟ್ಟ ಪಾಠವಾದ ದಿನ ಊರಿನ ಬಸ್ಸುಗಳ ಹೊತ್ತು ನೆನಪಾಗುತ್ತದೆ. ಮೊನ್ನೆ ಸೋಮವಾರ ಇನ್ನೊಂದು ವರ್ಷದ ಒಪ್ಪಂದದ ಕಾಗದ ಕೊಟ್ಟಿದ್ದಾರೆ. ಸಹಿ ಹಾಕಲು ಶುಕ್ರವಾರದವರೆಗೆ ಸಮಯವಿದೆ. ಇವತ್ತು ಬುಧವಾರ. ಬೆಳಿಗ್ಗೆ ಹಾಕಲು ಕೂತಿದ್ದೆ, ಆ ಡಿಸೆಂಬರಿನ ಮಧ್ಯಾಹ್ನದಂತೆಯೇ ಕೂರಲಾಗದೆ ಪೆನ್ನು ಕೆಳಗಿಟ್ಟು ಪೇಟೆಗೆ ನಡೆದುಹೋಗಿ ಬಂದೆ. ಈಗ ಮತ್ತೆ ಕೂತಿದ್ದೇನೆ.