ಹುತ್ತದ ಕೂಡಿಗೆ ಬೀಜವಿಲ್ಲ

ಕಾಲುವೆಗೆ ನೀರು ಬಂತೆಂದರೆ ಪಂಚಮಿಯೂ ಬಂತು ಎಂದು ನಾವು ತಿಳಿಯುತ್ತಿದ್ದ ದಿನಗಳವು. ಸುರಪುರದ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಹುರಿದ ಎಳ್ಳಿನ ವಾಸನೆ, ಆಯಿಯ ಕೈತುಂಬ ಶೇಂಗಾ ಉಂಡಿ.

ಆ ವರ್ಷ ನನ್ನಕ್ಕ ಶಾಂತಾಳನ್ನು ಕಕ್ಕೇರಾಕ್ಕೆ ಕೊಡುವುದು ಗೊತ್ತಾಗಿತ್ತು. ಮದುವೆಗೆ ಮುಂಚಿನ ಕೊನೆಯ ಪಂಚಮಿ. ಅವಳಿಗೋ ಜೋಕಾಲಿ ಎಂದರೆ ಜೀವ. ಹಗ್ಗ ಮಾತ್ರ ದೊಡ್ಡಪ್ಪನ ಮಗ ಬಸಣ್ಣನ ಕೈಯಲ್ಲಿ. ಕಾಡದಿದ್ದರೆ ಅವನಿಗೆ ಉಂಡದ್ದು ಕರಗದು.

“ಪಂಚಮಿ ದಿನ ಕಾಲುವಿ ಮೂಲಿಯಿಂದ ಬೇವಿನ ಗಿಡಕ್ಕ ಬದುವಿನ ಮ್ಯಾಲೆ ಹೋಗಾಕ ಎಷ್ಟು ಹಾದಿ ಅದಾವ? ಹಿಂದಕ್ಕ ಸರಿಯಂಗಿಲ್ಲ. ತಪ್ಪಿದ್ರ ಹಗ್ಗ ಕಟ್ಟಂಗಿಲ್ಲ!”

ನಮ್ಮ ಗದ್ದೆ ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಮಡಿ. ಬೇವಿನ ಮರ ಎದುರು ಮೂಲೆಗೆ. ಬಸಣ್ಣ ಮೊದಲೇ ಎಣಿಸಿ ಇಪ್ಪತ್ತು ಎಂದು ಇಟ್ಟುಕೊಂಡಿದ್ದ. ಅಕ್ಕ ಅಂಗಳದಲ್ಲಿ ಇದ್ದಿಲಿನಿಂದ ಬದುಗಳನ್ನು ಗೀಚಿ, ಬದು ಬದು ಸೇರುವ ಒಂದೊಂದು ಕೂಡಿಗೂ ಹುಣಸೆಬೀಜ ಇಡತೊಡಗಿದಳು.

“ಮೊದಲಿಂದ ಯಾಕ ಎಣಸಬೇಕ? ಹಿಂದಿನ ಕೂಡ್ಯಾಗ ಎಷ್ಟ ಬೀಜ, ಬಾಜೂ ಕೂಡ್ಯಾಗ ಎಷ್ಟ, ಎರಡೂ ಕೂಡಿಸಿ ಇಲ್ಲಿ ಇಡೋದು” ಎಂದು ನನಗೆ ಹೇಳಿದಳು.

ಬೇವಿನ ಮರಕ್ಕೆ ಬಂದದ್ದು ಎಂಟೇ ಬೀಜ. ಬಸಣ್ಣ ಚಪ್ಪಾಳೆ ಹೊಡೆದ. “ಸೋತಿ! ಮೊದಲ ಮಡಿ ಒಳಮೂಲಿ ಕೂಡಿಗೆ ಬೀಜಾನ ಇಟ್ಟಿಲ್ಲ!”

“ಅಲ್ಲಿ ಹುತ್ತ ಐತಿ. ಪಂಚಮಿ ದಿನ ಅದನ್ನ ತುಳದು ಹೋಗ್ತೀಯೇನು?”

ಆಯಿ ಗಲ್ಲ ಬಡಿದುಕೊಂಡು ನಾಗಪ್ಪನಿಗೆ ಕೈಮುಗಿದಳು. ಬಸಣ್ಣನ ಇಪ್ಪತ್ತು ಹಾದಿಗಳಲ್ಲಿ ಹನ್ನೆರಡು ಹುತ್ತದ ಮೇಲೇ ಹಾದಿದ್ದವು! ಅವನೇ ಹೋಗಿ ಹಗ್ಗ ಕಟ್ಟಿದ. ಅಕ್ಕ ಸಂಜೆಯವರೆಗೆ ಜೀಕಿದಳು.

ಈಗ ನಾನು ಶಹಾಪುರದಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಅಕ್ಕನ ಬೀಜದ ಲೆಕ್ಕಕ್ಕೆ ಪುಸ್ತಕದಲ್ಲಿ ಡೈನಾಮಿಕ್ ಪ್ರೋಗ್ರಾಮಿಂಗ್ ಎಂಬ ಭಾರೀ ಹೆಸರು. ಬೋರ್ಡಿನ ಮೇಲೆ ಚೌಕ ಬರೆದು ಒಂದು ಕಡೆ ಸೊನ್ನೆ ಹಾಕಿ, “ಇಲ್ಲಿ ಅಡ್ಡಿ ಇದೆ” ಎನ್ನುತ್ತೇನೆ. ಏನು ಅಡ್ಡಿ ಎಂದು ಯಾರೂ ಕೇಳುವುದಿಲ್ಲ.

ಭತ್ತ ಕೊಯ್ಯುವ ಮಷೀನು ತಿರುಗಲೆಂದು ಬಸಣ್ಣ ಬದುಗಳನ್ನೆಲ್ಲ ಒಡೆಸಿದ. ಹುತ್ತವೂ ಹೋಯಿತು. ಕಳೆದ ಪಂಚಮಿಗೆ ಬಂದ ಅಕ್ಕ ಹಾಲಿನ ಬಟ್ಟಲು ಹಿಡಿದು ಗದ್ದೆಯ ಅಂಚಿನಲ್ಲೇ ನಿಂತುಬಿಟ್ಟಳು.

“ಈಗ ಯಾವ ಅಡ್ಡೀನೂ ಇಲ್ಲ ಶಾಂತಾ, ಎಲ್ಲಿಂದ ಬೇಕಾದ್ರೂ ಹೋಗಬಹುದು” ಎಂದ ಬಸಣ್ಣ.

“ಹೋಗಬಹುದು ಬಸಣ್ಣ” ಎಂದಳು ಅಕ್ಕ. “ಹಾಲು ಎಲ್ಲಿ ಎರೀಲಿ?”