ಬಚ್ಚಲಲ್ಲಿ ಬೆಲ್ಲದ ವಾಸನೆ

ಆಗೆಲ್ಲ ಹೊಸೂರಿನ ಹತ್ತಿರದ ನಮ್ಮ ತಳಿ ಊರಿನ ಕಡೆ ಕಾರ್ತಿಕ ಕಳೆದರೆ ಸಾಕು, ಬೆಳಗಿನ ಹೊತ್ತು ಬಾಯಿಂದ ಹೊಗೆ ಬರುವಷ್ಟು ಚಳಿ. ಮನೆಯಲ್ಲಿ ಬೆಚ್ಚಗಿನ ಜಾಗ ಅಂದರೆ ಬಚ್ಚಲೊಂದೇ. ಅಲ್ಲಿ ಇಟ್ಟಿಗೆ ಕಟ್ಟೆಯ ಮೇಲೆ ಅಮ್ಮನ ತವರಿನಿಂದ ಬಂದ ತಾಮ್ರದ ಬಾಯ್ಲರ್ ಕೂತಿತ್ತು. ನಡುವೆ ಹೊಗೆ ಕೊಳವೆ, ಕೆಳಗೆ ಉರಿ, ಪಕ್ಕದಲ್ಲಿ ಹಿತ್ತಾಳೆ ನಲ್ಲಿ. ಮೈಮೇಲೆ ಸೂಳಗಿರಿಯ ತಾತನ, ಅಂದರೆ ಅಮ್ಮನ ಅಪ್ಪನ ಹೆಸರು ತಮಿಳು ಅಕ್ಷರದಲ್ಲಿ, ಚುಕ್ಕೆ ಚುಕ್ಕೆಯಾಗಿ. ನೀಲಗಿರಿ ಸೊಪ್ಪು ಚಟಚಟ ಉರಿಯುತ್ತಿದ್ದರೆ ನಾನು ಕೆಂಡದಲ್ಲಿ ಗೆಣಸು ಹುದುಗಿಸಿ, ಬೂದಿಯ ಮೇಲೆ ಕಡ್ಡಿಯಿಂದ ಮನೆ ಬರೆಯುತ್ತ, ಬಸ್ಸಿನ ಹಾರನ್ ಕೇಳುವವರೆಗೂ ಅಲ್ಲೇ ಕೂತಿರುತ್ತಿದ್ದೆ. ಹೀಗೆ ಕೂತು ಬೈಸಿಕೊಂಡವರು ನಿಮ್ಮಲ್ಲೂ ಇದ್ದೀರಿ, ನನಗೆ ಗೊತ್ತು.

ನಾನು ಹೇಳುತ್ತಿರುವುದು ಅಮ್ಮ ತೀರಿಕೊಂಡ ವರ್ಷದ ಚಳಿಗಾಲದ ಮಾತು. ದೀಪಾವಳಿ ಮುಗಿದ ವಾರದಲ್ಲಿ ಜ್ವರ ಬಂತು, ಹೋಗಿಬಿಟ್ಟಳು. ನನಗೆ ಒಂಬತ್ತು ವರ್ಷ. ಬಾಯ್ಲರಿಗೆ ಉರಿ ಹಾಕುವ ಕೆಲಸ ಅಪ್ಪನ ಪಾಲಿಗೆ ಬಂತು.

ತಿಂಗಳಾದ ಮೇಲೆ ಒಂದು ಬೆಳಗ್ಗೆ ಒಲೆಯೊಳಗೆ ಉಸ್ ಅಂದಿತು. ಬಾಯ್ಲರಿನ ಅಡಿ ಒದ್ದೆ. ಅದರ ಹಿಂದೆಯೇ ವಾಸನೆ ಬಂತು, ಬೆಲ್ಲ ಸೀದ ವಾಸನೆ. ಅದು ಅಮ್ಮನ ಸೆರಗಿನ ವಾಸನೆ. ಅವಳ ಸೀರೆಗಳನ್ನೆಲ್ಲ ಒಗೆದು ಪೆಟ್ಟಿಗೆಗೆ ಹಾಕಿದ ಮೇಲೆ ಆ ವಾಸನೆ ಮನೆಯಲ್ಲಿ ಎಲ್ಲೂ ಉಳಿದಿರಲಿಲ್ಲ.

ಅಜ್ಜಿ, ಅಂದರೆ ಅಪ್ಪನ ತಾಯಿ, ಬಾಗಿಲಲ್ಲೇ ನಿಂತುಬಿಟ್ಟಳು.

"ಬಂದವ್ಳೆ ಕಣ್ಲಾ," ಅಂದಳು.

"ಯಾರವ್ವಾ?"

"ಇನ್ಯಾರು. ನಿನ್ ಎಂಡ್ತಿ."

ಅಪ್ಪ ಬಗ್ಗಿ ಬಾಯ್ಲರಿನ ಅಡಿ ನೋಡಿದ. ಹೊಸೂರಿನ ಫ್ಯಾಕ್ಟರಿಯಲ್ಲಿ ಪೈಪುಗಳ ಕೆಲಸ ಮಾಡುವ ಅವನಿಗೆ ಸೋರುವುದೆಂದರೆ ಎಲ್ಲೋ ಒಂದು ತೂತು, ಅಷ್ಟೇ. ನನಗೆ ಮಾತ್ರ ಅಜ್ಜಿಯ ಮಾತೇ ನಿಜವಾಗಬೇಕಿತ್ತು. ದಿನಾ ಬೆಳಗ್ಗೆ ಬಚ್ಚಲಿಗೆ ಓಡುತ್ತಿದ್ದೆ. ಒಲೆ ಉಸ್ ಅಂದಾಗಲೆಲ್ಲ "ಇಲ್ಲೇ ಇದೀನಮ್ಮ" ಅನ್ನುತ್ತಿದ್ದೆ. ಹೆದರಿಕೆ ಆಗುತ್ತಿರಲಿಲ್ಲವೇ ಅಂದರೆ, ಆಗುತ್ತಿತ್ತು. ಬೆನ್ನ ಹಿಂದೆ ಯಾರೋ ಬಂದು ಕೂತಂತಾಗುತ್ತಿತ್ತು. ಆದರೂ ತಿರುಗುತ್ತಿರಲಿಲ್ಲ. ತಿರುಗಿದಾಗ ಅಲ್ಲಿ ಯಾರೂ ಇಲ್ಲದಿದ್ದರೆ ಏನು ಮಾಡಲಿ ಅನ್ನುವ ಭಯ ಇನ್ನೂ ದೊಡ್ಡದಿತ್ತು.

ಸೋರುವುದು ದಿನದಿಂದ ದಿನಕ್ಕೆ ಹೆಚ್ಚಾಯಿತು. ಉರಿ ಹತ್ತುವ ಮೊದಲೇ ಆರಿಹೋಗತೊಡಗಿತು. ಒಂದು ಭಾನುವಾರ ಅಪ್ಪ ಬಾಯ್ಲರನ್ನು ಅಂಗಳಕ್ಕೆ ತಂದು, ಒರೆಸಿ ಒಣಗಿಸಿ, ನನ್ನ ಬ್ಯಾಗಿನ ಸೀಮೆಸುಣ್ಣವನ್ನು ಅದರ ಮೈಗೆಲ್ಲ ಬಳಿದ. ಆಮೇಲೆ ನೀರು ತುಂಬಿಸಿದ.

"ಎಲ್ ಒದ್ದೆಯಾಗಿ ಕಪ್ಪಾಯ್ತದೋ ಅಲ್ಲೇ ತೂತು. ನೋಡ್ತಾ ಇರು," ಅಂದ.

ನಲ್ಲಿಯ ಬುಡದ ಹಿಂದೆ, ಗೋಡೆ ಕಡೆಗಿರುತ್ತಿದ್ದ ಜಾಗದಲ್ಲಿ ಸುಣ್ಣ ನಿಧಾನಕ್ಕೆ ಕಪ್ಪಾಯಿತು. ಅಪ್ಪ ಉಗುರಿಂದ ಕೆರೆದ. ಅಲ್ಲೊಂದು ತೇಪೆ. ಬೆಲ್ಲ ಸುಣ್ಣ ಕಲಸಿ, ಹಳೇ ಸೀರೆಯ ಚೂರಿಗೆ ಮೆತ್ತಿ ಅಂಟಿಸಿ, ಯಾರಿಗೂ ಕಾಣದ ಹಾಗೆ ಮೇಲೆ ಮಸಿ ಬಳಿದಿತ್ತು. ಅದರ ಕೆಳಗೆ ಇನ್ನೂ ಹಳೆಯದೊಂದು, ಅದರ ಕೆಳಗೆ ಮತ್ತೊಂದು. ಹೊಸದರ ಅಂಚು ಕರಗಿತ್ತು. ಇಷ್ಟು ದಿನ ಬೆಂಕಿಗೆ ತೊಟ್ಟಿಕ್ಕಿ ಸೀಯುತ್ತಿದ್ದದ್ದು ಅದೇ ಬೆಲ್ಲ.

"ನಂಗ್ ಯಾಕ್ ಯೋಳ್ಲಿಲ್ಲ ಇವ್ಳು?" ಅಪ್ಪ ಯಾರನ್ನೋ ಕೇಳುವವನಂತೆ ಕೇಳಿದ.

ಅಜ್ಜಿ ಜಗಲಿಯ ಮೇಲೆ ಕುಸಿದು ಕೂತಳು. ಮದುವೆಗೆ ಬಾಯ್ಲರ್ ಬಂದ ದಿನದಿಂದ ಅದನ್ನು ಬೆರಳಲ್ಲಿ ಬಡಿದು ಬಡಿದು, "ನಿಮ್ಮಪ್ಪ ಕೊಟ್ಟಿರಾದು ತಾಮ್ರ ಅಲ್ಲ ಕಣೆ, ಬರೀ ತಗಡು," ಅಂತ ಆಡಿಕೊಂಡವಳು ಅವಳೇ. ತವರಿನ ಪಾತ್ರೆ ತೂತಾಗಿದೆ ಎಂದು ಬಾಯಿಬಿಡಲು ಯಾವ ಸೊಸೆಗೆ ಧೈರ್ಯ ಬಂದೀತು? ನಾವೆಲ್ಲ ಬೆಚ್ಚಗೆ ಮಲಗಿರುವಾಗ ಎದ್ದು ತೇಪೆ ಹಾಕಿ, ನೀರು ಕಾಯಿಸಿ, ನಮ್ಮನ್ನು ಎಬ್ಬಿಸಿದ್ದಳು.

"ನನ್ ಬಾಯ್ಗೆ ಹೆದ್ರಿ ಮಾಡವ್ಳೆ," ಅಂದಳು ಅಜ್ಜಿ. "ಸತ್ ಮ್ಯಾಲೂ ಇದನ್ನ ಮುಚ್ಚಕ್ಕೇ ಬತ್ತಾವ್ಳೆ. ಬೆಸ್ಗೆ ಹಾಕ್ಸ್‌ಬುಡ್ಲಾ. ನೆಮ್ಮದಿಯಾಗ್ ಹೋಗ್ಲಿ ಅವ್ಳು."

ನಾನು ಬಾಯ್ಲರನ್ನು ತಬ್ಬಿಕೊಂಡುಬಿಟ್ಟೆ. "ಬ್ಯಾಡ. ಸೋರ್ಲಿ ಬುಡಪ್ಪ. ನಾನ್ ತಣ್ಣೀರೇ ಹುಯ್ಕೊತೀನಿ."

ಅಪ್ಪ ನನ್ನ ಕೈ ಬಿಡಿಸಲಿಲ್ಲ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಅವನ ಕೆನ್ನೆಗೂ ಸೀಮೆಸುಣ್ಣ ಮೆತ್ತಿತ್ತು.

"ಈ ಚಳೀಲಿ ನಿಮ್ಮಮ್ಮ ದಿನಾ ಎದ್ ಬರ್ಬೇಕಾ ಅಮ್ಮಣ್ಣಿ?" ಅಂದ.

ನನ್ನ ಕೈ ತಾನಾಗಿ ಸಡಿಲವಾಯಿತು.

ಬಾಯ್ಲರ್ ಹೊಸೂರಿಗೆ ಹೋಗಿ ಬೆಸುಗೆ ಹಾಕಿಸಿಕೊಂಡು ಬಂತು. ಮಾರನೆ ಬೆಳಗ್ಗೆ ಉರಿ ಚೆನ್ನಾಗಿ ಹತ್ತಿತು. ಒಲೆ ಉಸ್ ಅನ್ನಲಿಲ್ಲ. ಬರೀ ನೀಲಗಿರಿ ಸೊಪ್ಪಿನ ವಾಸನೆ. ಅಜ್ಜಿ ಬಾಯ್ಲರಿಗೆ ಅರಿಶಿನ ಕುಂಕುಮ ಹಚ್ಚಿ, ತಾತನ ಹೆಸರಿನ ಮೇಲೆ ಕೈಯಿಟ್ಟು, "ಒಳ್ಳೆ ತಾಮ್ರಾನೇ ಕಣವ್ವ. ನೀನಿನ್ ಹೋಗು," ಅಂದಳು. ನಮ್ಮಲ್ಲಿ ಹೊರಟವರಿಗೆ ಯಾರೂ ಬರೀ ಹೋಗು ಅನ್ನುವುದಿಲ್ಲ, ಹೋಗಿ ಬಾ ಅನ್ನುತ್ತಾರೆ. ಅಜ್ಜಿ ಬಾ ಅನ್ನಲಿಲ್ಲ. ಅಮ್ಮನನ್ನು ಮಣ್ಣು ಮಾಡಿದ ದಿನ ಮಂಕು ಬಡಿದವಳಂತೆ ಕೂತಿದ್ದ ನಾನು ಅವತ್ತು ಬಿಕ್ಕಿ ಬಿಕ್ಕಿ ಅತ್ತೆ.

ಈಗ ನನ್ನ ಮನೆಯಲ್ಲಿ ಸ್ವಿಚ್ ಹಾಕಿದರೆ ಬಿಸಿನೀರು. ಕೆಟ್ಟರೆ ಫೋನ್ ಮಾಡಿದರಾಯಿತು, ಬಂದು ಸರಿ ಮಾಡಿ ಹೋಗುತ್ತಾರೆ. ಹೆಂಗಸೊಬ್ಬಳು ಅತ್ತೆಗೆ ಹೆದರಿ ಕತ್ತಲಲ್ಲಿ ತೇಪೆ ಹಾಕುವ ಕಾಲ ಹೋಯಿತು, ಹೋದದ್ದೇ ಒಳ್ಳೆಯದು. ಅಮ್ಮನ ವಯಸ್ಸನ್ನು ನಾನು ದಾಟಿ ಎಷ್ಟೋ ವರ್ಷವಾಯಿತು, ಅವಳ ದನಿ ಹೇಗಿತ್ತೆಂದು ನೆನಪಿಲ್ಲ. ಆದರೂ ಚಳಿ ಬಿದ್ದ ಬೆಳಗ್ಗೆ, ಯಾರೂ ಏಳದ ಹೊತ್ತಲ್ಲಿ, ಬಚ್ಚಲ ಬಾಗಿಲಲ್ಲಿ ನಿಂತು "ಬಾಮ್ಮ" ಅನ್ನುತ್ತೇನೆ. ಅವಳು ಬರುವುದಿಲ್ಲ. ಎದ್ದು ಬಂದು ಮಾಡುವಂಥ ಕೆಲಸ ನನ್ನ ಮನೆಯಲ್ಲಿ ಅವಳಿಗೆ ಏನೂ ಉಳಿದಿಲ್ಲ.